ಗೋಡೆಯ ಮೇಲಿನ ಮಾದಾರ

ರಾತ್ರಿ ಓಣಿಯೆಲ್ಲ ಮಲಗಿದ ಮೇಲೆ ಆ ಸದ್ದು ಬರುತ್ತದೆ. ಟಿಕ್. ಚಿಲಕದ ಸದ್ದು.

ನನ್ನ ಬಾಡಿಗೆ ಕೋಣೆಗೂ ಮನೆಯೊಡತಿ ನಾಗಲಕ್ಷ್ಮಕ್ಕನ ದೇವರ ಕೋಣೆಗೂ ನಡುವೆ ಒಂದು ಬಾಗಿಲಿದೆ. ಚಿಲಕ ಅವರ ಕಡೆಗಿದೆ. ನನಗೆ ಕೇಳಬಾರದೆಂದು ಅಕ್ಕ ಅದನ್ನು ಬೆರಳಿನಿಂದ ತಡೆದು ತಡೆದು ಸರಿಸುತ್ತಾರೆ. ಆದರೂ ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ ತಾಗಲೇಬೇಕು. ಧಡ್ ಎಂದು ಹಾಕಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ನಾಜೂಕು ನನ್ನನ್ನು ಕೊಲ್ಲುತ್ತದೆ. ಅವರಿಗೆ ನನ್ನ ಮೇಲೆ ಅನುಮಾನ ಇತ್ತು. ಪುರಾವೆ ಇರಲಿಲ್ಲ.

ಆ ಬಾಗಿಲಿನ ಆಚೆ ಗೋಡೆಯ ತುಂಬ ಶರಣರ ಚಿತ್ರಗಳಿವೆ. ಮನೆ ನೋಡಲು ಬಂದ ದಿನ ಬಾಗಿಲು ತೆರೆದಿತ್ತು, ಹೊಸ್ತಿಲ ಈಚೆಯಿಂದ ನೋಡಿದ್ದೆ. ಸಾಲಿನ ಕೊನೆಯಲ್ಲಿ, ಕಿಟಕಿಯ ಪಕ್ಕ, ಮಾದಾರ ಚೆನ್ನಯ್ಯ. ಕೆಳಗೆ ಹೆಸರು ಅಚ್ಚಾಗಿತ್ತು. ಚೌಕಟ್ಟಿಗೆ ಹೂವಿನ ಹಾರ. ಹಣೆಗೆ ಅಕ್ಕನೇ ಬೆರಳಿನಿಂದ ಹಚ್ಚಿದ ವಿಭೂತಿ.

ನನ್ನ ಹೆಸರು ಶ್ವೇತಾ ಮಾದಾರ. ಅವನು ಒಳಗಿದ್ದಾನೆ. ನಾನು ಚಿಲಕದ ಹೊರಗಿದ್ದೇನೆ. ನನಗೆ ಹೊಟ್ಟೆಕಿಚ್ಚು ಯಾರ ಮೇಲೆ ಎಂದು ಕೇಳಿದರೆ ಮೊದಲು ಅವನ ಹೆಸರನ್ನೇ ಹೇಳುತ್ತೇನೆ.

ಈ ಮನೆ ಸಿಗುವ ಮುಂಚೆ ರಾಣೆಬೆನ್ನೂರಿನಲ್ಲಿ ನಾನು ತಿರುಗದ ಓಣಿ ಇಲ್ಲ. ಇಲ್ಲಿಯ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ ಆಗಿದ್ದೇನೆ ಎಂದರೆ ಜನ ಕುರ್ಚಿ ಕೊಡುತ್ತಿದ್ದರು. ಅಡ್ಡಹೆಸರು ಹೇಳಿದರೆ ಎದ್ದು ನಿಲ್ಲುತ್ತಿದ್ದರು. ಸ್ಟೇಷನ್ ಕಡೆಯ ಒಂದು ಮನೆಯವರು "ನಿನ್ನೆನ ಕೊಟ್ಟಬಿಟ್ಟಿವವಾ" ಎಂದರು. ಮರುದಿನ ಆಟೋದಲ್ಲಿ ಹೋಗುವಾಗ ನೋಡಿದೆ. ಬಾಡಿಗೆಗೆ ಇದೆ ಎಂಬ ಹಲಗೆ ಗಾಳಿಗೆ ಆಡುತ್ತಿತ್ತು. ಕೊನೆಗೆ ನಾನು ಅಪ್ಪನ ಊರನ್ನು ಹೆಸರಿಗೆ ಅಂಟಿಸಿಕೊಂಡೆ.

ನಾಗಲಕ್ಷ್ಮಕ್ಕ ಮೆಟ್ಟಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತ ಕೇಳಿದ್ದರು.

"ಅಡ್ಡಹೆಸರ ಏನವಾ?"

"ಐರಣಿ ರಿ."

"ಐರಣಿ ಊರಾತಲ್ಲ. ಹೊಳಿ ದಂಡಿ ಊರು. ಮನಿ ಅಡ್ಡಹೆಸರ ಕೇಳಿದೆ ನಾ."

"ನಮ್ಮ ಕಡೆ ಎಲ್ಲಾರೂ ಐರಣಿ ಅಂತನ ಬರಸ್ತಾರ್ರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಕಾಲು ನೋಡಿದರು. ಚಪ್ಪಲಿ ನೋಡಿದರು. "ಲೆಕ್ಚರರ್ ಅಂದ್ಮ್ಯಾಲ ಚೊಲೋ ಮಂದಿನ ಇರ್ತೀರಿ ಬಿಡು," ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಕೀಲಿ ಕೊಟ್ಟರು.

ಅಕ್ಕ ಕೆಟ್ಟವರಲ್ಲ. ಇದನ್ನು ಹೇಳುವಾಗಲೂ ನನಗೆ ಸಿಟ್ಟು ಬರುತ್ತದೆ. ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದರು, ಬಾಳೆ ಎಲೆಯಲ್ಲಿ. ಸಂಜೆ ಚಹಾ ಕೊಡುತ್ತಿದ್ದರು, ಪೇಪರ್ ಕಪ್ಪಿನಲ್ಲಿ. "ತೊಳಿಯೂದ ತಪ್ತೈತಿ ನೋಡು," ಎನ್ನುತ್ತಿದ್ದರು. ಆದರೆ ಎದುರು ಮನೆಯ ಚಂಪಕ್ಕ ಬಂದರೆ ಸ್ಟೀಲಿನ ಲೋಟ ಬರುತ್ತಿತ್ತು. ಆ ಮನೆಯ ಪ್ರತಿ ಲೋಟದ ಮೇಲೂ, ಪ್ರತಿ ತಾಟಿನ ಮೇಲೂ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಹೆಸರು ಕೊರೆಸಿದ್ದರು. ದೊಡ್ಡಗೌಡ್ರ. ಆ ಹೆಸರಿನ ಲೋಟ ಒಂದು ದಿನವೂ ನನ್ನ ತುಟಿಗೆ ತಾಗಲಿಲ್ಲ.

ಆ ಹೆಸರಿನ ಮೇಲೂ ನನಗೆ ಹೊಟ್ಟೆಕಿಚ್ಚು. ಅಕ್ಕ ಚಹಾ ಕುಡಿಯುತ್ತ ತಮ್ಮ ಮಾವನವರ ಮುತ್ತಜ್ಜನ ತನಕ ಹೇಳಿಬಿಡುತ್ತಾರೆ. ಒಬ್ಬರು ಕೆರೆ ಕಟ್ಟಿಸಿದರು. ಒಬ್ಬರು ಬ್ರಿಟಿಷರಿಗೆ ಕಂದಾಯ ಕೊಡಲಿಲ್ಲ. ಒಬ್ಬರು ಕಾಗಿನೆಲೆಗೆ ನಡೆದುಹೋಗುವವರಿಗೆಂದು ಅರವಟಿಗೆ ಇಡಿಸಿದರು. ಗೋಡೆಯ ಮೇಲೆ ಅವರ ಪೇಟದ ಫೋಟೋಗಳಿವೆ. ನನಗೆ ಗೊತ್ತಿರುವುದು ನನ್ನ ಅಜ್ಜನ ತನಕ. ಅಜ್ಜ ಸತ್ತ ಎಮ್ಮೆ ಎಳೆಯುತ್ತಿದ್ದ. ಅವನಪ್ಪನ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅಲ್ಲಿಂದ ಹಿಂದಕ್ಕೆ ಕತ್ತಲು. ಆ ಕತ್ತಲನ್ನು ದಾಟಿ, ಹನ್ನೆರಡನೇ ಶತಮಾನಕ್ಕೆ ಹೋದರೆ ಮತ್ತೆ ನನ್ನ ಹೆಸರು ಸಿಗುತ್ತದೆ. ಮಾದಾರ ಚೆನ್ನಯ್ಯ. ಮಾದಾರ ಧೂಳಯ್ಯ. ನಡುವಿನವರು ಎಲ್ಲಿ ಹೋದರು? ನಡುವಿನವರು ಚರ್ಮ ಹದ ಮಾಡುತ್ತಿದ್ದರು. ಹಗ್ಗ ಹೊಸೆಯುತ್ತಿದ್ದರು. ಊರ ಹೊರಗೆ ಕೂತು ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದರು. ನಾನು ಇತಿಹಾಸ ಓದಿದ್ದೇನೆ, ಅವರನ್ನು ಹುಡುಕಿದ್ದೇನೆ, ಅವರಿಲ್ಲ.

ತರಗತಿಯಲ್ಲಿ ಹಾಜರಿ ಕೂಗುವಾಗಲೂ ಇದೇ ಸಂಕಟ. ದೇಸಾಯಿ, ಪಾಟೀಲ, ಕುಲಕರ್ಣಿ, ಕಿಲ್ಲೇದಾರ. ಒಂದೊಂದು ಹೆಸರಿನ ಹಿಂದೆ ಒಂದು ವಾಡೆ, ಒಂದು ಕೋಟೆ, ಒಂದು ದಫ್ತರು. ಆ ಮಕ್ಕಳು "ಎಸ್ ಮಿಸ್" ಎನ್ನುವ ದನಿಯೇ ಬೇರೆ. ಹಿಂದಿನ ಬೆಂಚಿನಲ್ಲಿ ಒಬ್ಬಳು ಮಾದಾರ ಹುಡುಗಿ ಇದ್ದಾಳೆ. ಅವಳು ಉತ್ತರ ಕೊಡುವಾಗ ನಾನು ತಲೆ ಎತ್ತುವುದಿಲ್ಲ. ಅವಳಿಗೆ ಗೊತ್ತಾಗಿಬಿಟ್ಟೀತು ಎಂದು ಅಂಜಿಕೆ.

ನನ್ನ ಗುಟ್ಟು ಗೊತ್ತಿದ್ದವಳು ಒಬ್ಬಳೇ, ಉರ್ದು ಕಲಿಸುವ ಫರ್ಹಾನಾ. ಅವಳಿಗೆ ಈ ಊರಿನಲ್ಲಿ ಮನೆಯೇ ಸಿಗಲಿಲ್ಲ. ದಿನಾ ಹಾವೇರಿಯಿಂದ ಬಸ್ಸಿಗೆ ಬರುತ್ತಾಳೆ.

"ನಿನ್ನ ಕಂಡ್ರ ನನಗ ಹೊಟ್ಟಿ ಉರಿತೈತಿ ನೋಡ್ ಶ್ವೇತಾ," ಎಂದಿದ್ದಳು ಒಮ್ಮೆ. "ನೀನರ ಮುಚ್ಚಿಡಬಹುದು. ನಾ ಫರ್ಹಾನಾ ಅಂದ್ರ ಸಾಕು, ಖಾಲಿ ಮನಿ ತುಂಬಿಬಿಡ್ತಾವ."

"ನಿನ್ನ ಕಂಡ್ರ ನನಗ ಉರಿತೈತಿ. ಮುಚ್ಚಿಡೂದ ಇಲ್ಲ, ಆರಾಮ ನಿದ್ದಿ ಮಾಡ್ತಿ."

"ಹೂಂ, ಮಾಡ್ತೇನಿ. ಬಸ್ಸಿನ್ಯಾಗ, ಕಂಬ ಹಿಡಕೊಂಡು, ನಿಂತು. ಬಾ, ನಿಂಗೂ ಒಂದ್ ಕಂಬ ಹಿಡಿದಿಡ್ತೇನಿ."

ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು.

ಆ ತಿಂಗಳು ಓಣಿಯ ಹೆಂಗಸರ ಕಾಯಕ ಬಳಗದ ಸಭೆ ನಾಗಲಕ್ಷ್ಮಕ್ಕನ ಮನೆಯಲ್ಲಿ ಎಂದು ಗೊತ್ತಾಯಿತು. ಪ್ರತಿ ತಿಂಗಳು ಒಬ್ಬ ಶರಣರ ಬಗ್ಗೆ ಮಾತು, ಆಮೇಲೆ ಪ್ರಸಾದ. ಈ ಸಲ ಚೆನ್ನಯ್ಯನ ಸರದಿ. ಚೆನ್ನಯ್ಯ ಅರಸನ ಲಾಯಕ್ಕೆ ಹುಲ್ಲು ಹೊರುತ್ತಿದ್ದ, ಗುಟ್ಟಾಗಿ ಶಿವನಿಗೆ ಅಂಬಲಿ ಉಣಿಸುತ್ತಿದ್ದ, ಶಿವ ಅರಸನ ಎಡೆ ಬಿಟ್ಟು ಆ ಅಂಬಲಿಗೆ ಬಂದ ಎಂದು ಕಥೆ ಇದೆ. ಅದಕ್ಕೇ ಅವನ ದಿನ ಎಲ್ಲರೂ ಅಂಬಲಿ ಕುಡಿಯಬೇಕು ಎಂದು ಬಳಗದವರು ತೀರ್ಮಾನಿಸಿದ್ದರು.

ನಾನು ಕಾಲೇಜಿನಿಂದ ಬರುವಾಗ ಪಡಸಾಲೆಯಲ್ಲಿ ಅದೇ ಚರ್ಚೆ. ಅಂಬಲಿಗೆ ಏನೇನು ಹಾಕಬೇಕು ಎಂದು. ಒಬ್ಬರು ಗೋಡಂಬಿ ಎಂದರು. ಒಬ್ಬರು ಏಲಕ್ಕಿ ಎಂದರು.

ನನ್ನ ಬಾಯಿ ಜಾರಿತು. "ಗೋಡಂಬಿ ಹಾಕಿದ್ರ ಅದು ಅಂಬ್ಲಿ ಆಗೂದಿಲ್ರಿ, ಪಾಯಸ ಆಗ್ತೈತಿ. ನಮ್ಮವ್ವ ಜ್ವಾಳದ ಹಿಟ್ಟ ರಾತ್ರಿ ಹುಳಿ ಬಿಟ್ಟು ಮಾಡ್ತಾಳ."

ಬಳಗದ ಯಜಮಾನಿ ಚಂಪಕ್ಕ ತೊಡೆ ತಟ್ಟಿಕೊಂಡು ನಕ್ಕರು. ದೊಡ್ಡ ದೇಹ, ದೊಡ್ಡ ದನಿ. "ಮುಗೀತ್ ಬಿಡ್ರವಾ. ಮಿಸ್ ಅವರ ತಾಯಿ ಅಂಬ್ಲಿ ಮಾಡ್ಕೊಂಡ್ ಬರ್ಲಿ. ಮಿಸ್ ಮಾತಾಡ್ಲಿ. ನಾವು ಕುಡಿಯೂದು, ಚಪ್ಪಾಳಿ ಹೊಡಿಯೂದು."

ನಾಗಲಕ್ಷ್ಮಕ್ಕನ ಮುಖದ ಮೇಲೆ ಒಂದು ಪ್ರಶ್ನೆ ಬಂದು ನಿಂತಿತು. ಆದರೆ ಕೇಳುವುದು ಹೇಗೆ? ಕೇಳಿದರೆ, ಅನುಮಾನ ಇದ್ದೂ ಬಾಡಿಗೆಗೆ ಇಟ್ಟುಕೊಂಡಿದ್ದೇನೆ ಎಂದು ಒಪ್ಪಿದಂತೆ. "ಆತವಾ," ಎಂದರು. ಸೊಪ್ಪಿನ ಕಟ್ಟು ಎತ್ತಿಕೊಂಡು ಒಳಗೆ ಹೋದರು.

ಅವ್ವ ಇರುವುದು ಬ್ಯಾಡಗಿಯಲ್ಲಿ. ಹೆಸರು ಮೈಲವ್ವ. ಮೆಣಸಿನಕಾಯಿಯ ತೊಟ್ಟು ತೆಗೆಯುವ ಕೆಲಸ. ಬೆಳಗಿನಿಂದ ಸಂಜೆಯ ತನಕ ಕೆಂಪು ರಾಶಿಯ ಮುಂದೆ ಕೂತು, ಒಂದೊಂದೇ ಕಾಯಿಯ ತೊಟ್ಟು ಮುರಿಯಬೇಕು. ಘಾಟು ಮೂಗಿಗೆ, ಗಂಟಲಿಗೆ, ಎದೆಗೆ ಇಳಿಯುತ್ತದೆ. ಉಗುರಿನ ಸಂದು ಸುಟ್ಟ ಹಾಗೆ ಉರಿಯುತ್ತದೆ. ರಾತ್ರಿ ಅವ್ವ ಎರಡೂ ಕೈ ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂಡುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಅವಳು ಒಮ್ಮೆಯೂ ಅಂಗೈಯಿಂದ ನನ್ನ ಕೆನ್ನೆ ಮುಟ್ಟಿಲ್ಲ. ಮುಟ್ಟಿದರೆ ಉರಿಯುತ್ತದೆ ಎಂದು ಕೈ ಮಡಚಿ, ಹಿಂಗೈಯಿಂದ ಸವರುತ್ತಿದ್ದಳು. ಬೇರೆ ತಾಯಂದಿರು ಮಕ್ಕಳ ಗಲ್ಲ ಹಿಡಿದು ಮುದ್ದು ಮಾಡುವುದನ್ನು ಕಂಡರೆ ನನಗೆ ಆಗಲೇ ಹೊಟ್ಟೆಕಿಚ್ಚು ಶುರುವಾಗಿತ್ತು.

ಅಂಬಲಿ ಮಾಡಿ ಬಸ್ಸಿಗೆ ಕೊಟ್ಟು ಕಳಿಸು ಎಂದು ಫೋನಿನಲ್ಲಿ ಹೇಳಿದೆ. ಅವ್ವ ಕೇಳಲಿಲ್ಲ.

"ನಾನ ಬರ್ತೇನಿ. ಆ ಮನ್ಯಾಗ ನಮ್ಮ ಚೆನ್ನಯ್ಯನ ಫೋಟೋ ಐತಿ ಅಂದಿಯಲ್ಲ. ನೋಡೇನಂತ."

"ಬ್ಯಾಡಬೇ. ನೀ ಏನರ ಅಂದಗಿಂದ್ರ ನನ್ನ ಮನಿ ಹೋಗ್ತೈತಿ."

"ನಾ ಯಾಕ ಮಾತಾಡ್ಲಿ? ಮೂಗಿ ಹಂಗ ಕುಂತಿರ್ತೇನಿ. ನೋಡಿ ಬರೂದ ಅಷ್ಟ."

ಸಭೆಯ ದಿನ ಅವ್ವ ಬಸ್ ಸ್ಟ್ಯಾಂಡಿನಲ್ಲಿ ಇಳಿದಳು. ಇದ್ದುದರಲ್ಲಿ ಹೊಸ ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಚ್ಚಿದ್ದಳು, ಸಿಂಬೆಯ ಮೇಲೆ ಸ್ಟೀಲಿನ ಡಬರಿ ಹೊತ್ತಿದ್ದಳು. ಡಬರಿಯ ಹೊಟ್ಟೆಯ ಮೇಲೆ ಚುಕ್ಕಿ ಅಕ್ಷರ. ಮೈಲವ್ವ ಮಾದಾರ. ನಾನು ಮೊದಲ ಸಂಬಳದಲ್ಲಿ ಕೊಡಿಸಿದ್ದು. ಹೆಸರು ಕೊರೆಸುವಾಗ ಅಂಗಡಿಯವನ ಪಕ್ಕ ನಿಂತು ಒಂದೊಂದು ಅಕ್ಷರ ನೋಡಿದ್ದಳು. ಅವಳ ಮನೆಯಲ್ಲಿ ಹೆಸರಿದ್ದ ಪಾತ್ರೆ ಅದೊಂದೇ.

ನಾನು ಬ್ಯಾಗಿನಿಂದ ಟವೆಲ್ ತೆಗೆದು ಡಬರಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದೆ.

"ತಣ್ಣಗ ಇರ್ತೈತಿ," ಎಂದೆ.

ಅವ್ವ ಗಂಟು ನೋಡಿದಳು. ನನ್ನನ್ನು ನೋಡಿದಳು. ಮೂಗಿಯ ಹಾಗಿರುವುದನ್ನು ಅಲ್ಲಿಂದಲೇ ಶುರು ಮಾಡಿದ್ದಳು.

ಮನೆಗೆ ಬಂದ ಮೇಲೆ ನನ್ನ ಕಣ್ಣು ಆ ಡಬರಿಯನ್ನು ಬಿಡಲಿಲ್ಲ. ಅಕ್ಕನ ಅಡುಗೆ ಕಟ್ಟೆಯ ಮೇಲೆ ಇಟ್ಟು ಹೆಸರಿನ ಬದಿಯನ್ನು ಗೋಡೆಗೆ ತಿರುಗಿಸಿದೆ. ಟವೆಲ್ ಸರಿದರೆ ಎಳೆದೆ. ಯಾರೋ ಮುಚ್ಚಳ ತೆಗೆಯಲು ಬಂದರೆ "ನಾ ಬಡಸ್ತೇನ್ರಿ" ಎಂದು ಅಡ್ಡ ನಿಂತೆ. ಅವ್ವನನ್ನು ಮುಂಬಾಗಿಲಿಗೆ ಕರೆದೊಯ್ಯುವ ಧೈರ್ಯ ನನಗೆ ಆಗಲಿಲ್ಲ. ಅವಳೂ ಕಾಯಲಿಲ್ಲ. ತಾನಾಗಿಯೇ ಹಿತ್ತಲ ಕಡೆ ಹೋಗಿ, ಮೆಟ್ಟಿಲಿನ ಕೆಳಗಿನ ಕಲ್ಲಿನ ಮೇಲೆ ಕೂತಳು. ನಾಗಲಕ್ಷ್ಮಕ್ಕ ಕಿಟಕಿಯಿಂದ ಅದನ್ನು ನೋಡಿ ಹಿಂಬಾಗಿಲಿಗೆ ಬಂದರು.

"ಒಳಗ ಬರ್ರಿ ಅವ್ವಾರ," ಎಂದರು. ಬಾಯಿ ಕರೆಯಿತು. ಕೈ ಬಾಗಿಲ ಮೇಲೆಯೇ ಇತ್ತು.

"ಇಲ್ಲೆ ಗಾಳಿ ಚೊಲೋ ಐತ್ರಿ," ಎಂದಳು ಅವ್ವ.

ಪಡಸಾಲೆ ತುಂಬಿತು. ನಾನು ಮಾತಾಡಿದೆ. ಚೆನ್ನಯ್ಯನ ಹುಲ್ಲಿನ ಹೊರೆ, ಅವನ ಅಂಬಲಿ, ದೊಡ್ಡ ದೊಡ್ಡ ಶರಣರು ಅವನಿಗೆ ಕೈ ಮುಗಿದದ್ದು. ಎಲ್ಲ ಅಳೆದು ತೂಗಿ ಹೇಳಿದೆ. ನಮ್ಮ ಎಂಬ ಮಾತು ನಾಲಿಗೆಗೆ ಬಂದಾಗಲೆಲ್ಲ ನುಂಗಿದೆ. ಅವನು, ಅವನ ಜನ, ಆ ಕಾಲ. ನನ್ನ ಮನೆಯ ಹಿರಿಯನ ಬಗ್ಗೆ ಪರರ ಹಾಗೆ ಮಾತಾಡಿ, ಚಪ್ಪಾಳೆ ತೆಗೆದುಕೊಂಡೆ. ಹೆಂಗಸರ ಕಣ್ಣು ಒದ್ದೆಯಾಗಿದ್ದವು. ಸತ್ತ ಮಾದಾರನೊಬ್ಬನಿಗೆ ಇಷ್ಟು ಕಣ್ಣೀರು. ನನಗೆ ಅವನ ಜುಟ್ಟು ಹಿಡಿದು ಕೇಳಬೇಕೆನಿಸಿತು. ನೀನು ಎಂದಾದರೂ ಬಾಡಿಗೆ ಮನೆ ಹುಡುಕಿದ್ದೀಯಾ?

ಓಣಿಯ ಒಬ್ಬ ಸೊಸೆ ಕೈ ಎತ್ತಿದಳು. "ಮಿಸ್, ಅವರ ವಂಶದವ್ರು ಈಗ ಎಲ್ಲದಾರ್ರಿ?"

ನಾನು ಬಾಯಿ ತೆರೆಯುವ ಮೊದಲೇ ನಾಗಲಕ್ಷ್ಮಕ್ಕ ಅಂದರು. "ಶರಣರಿಗೆ ಎಂಥಾ ವಂಶವಾ. ಅವರು ಲಿಂಗದಾಗ ಬೆರತ ಹೋದ್ರು."

ಹಿತ್ತಲಿನಿಂದ ಅವ್ವನ ಕೆಮ್ಮು ಕೇಳಿಸಿತು. ಮೆಣಸಿನಕಾಯಿಯ ಕೆಮ್ಮು. ನಾನು ನೀರು ಕುಡಿದೆ.

ಆಮೇಲೆ ಅಂಬಲಿ. ಮೊದಲ ಲೋಟ ದೇವರ ಕೋಣೆಗೆ ಹೋಯಿತು. ಅಕ್ಕ ಅದನ್ನು ಚೆನ್ನಯ್ಯನ ಚಿತ್ರದ ಮುಂದೆ ಇಟ್ಟು, ತಾವೂ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿದರು. ಉಳಿದವರೆಲ್ಲ ಕುಡಿದರು. ಚಂಪಕ್ಕ ಬಾಯಿ ಚಪ್ಪರಿಸಿದರು.

"ಅವ್ವವ್ವಾ, ಎಂಥಾ ಹುಳಿ ಬಂದೈತಿ! ನಾಗಲಕ್ಷ್ಮಿ, ನಿನ್ನ ಕೈಲಿ ಹಿಂಗ ಆಗ್ತಿತ್ತನ? ನೀ ಮಾಡಿದ್ರ ಅದರಾಗ ಚಮಚ ನಿಂದ್ರತಿತ್ತು."

ಎಲ್ಲರೂ ನಕ್ಕರು. ನಾಗಲಕ್ಷ್ಮಕ್ಕನೂ ನಕ್ಕರು. ಚಂಪಕ್ಕ ಒಂದು ಲೋಟ ತುಂಬಿಸಿಕೊಂಡು ಹಿತ್ತಲಿಗೆ ಹೋಗಿ, "ಮಾಡಿದವ್ರ ಕುಡೀಲಿಲ್ಲಂದ್ರ ಹೆಂಗ್ರಿ," ಎಂದು ಅವ್ವನ ಕೈಗೆ ಕೊಟ್ಟು ಬಂದರು. ಸ್ಟೀಲಿನ ಲೋಟ. ದೊಡ್ಡಗೌಡ್ರ ಹೆಸರಿನ ಲೋಟ.

ನಾನು ಡಬರಿ ಕಾಯುತ್ತಿದ್ದೆ. ಲೋಟದ ಕಡೆ ನೋಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯ ಹಿಂಬಾಗಿಲಲ್ಲಿ ನಾಗಲಕ್ಷ್ಮಕ್ಕ ನಿಂತುಬಿಟ್ಟದ್ದು ಕಂಡಿತು. ಅವರು ನಿಂತ ರೀತಿ ನೋಡಿ ಡಬರಿ ಬಿಟ್ಟು ಹತ್ತಿರ ಹೋದೆ. ಅವರ ಹೆಗಲ ಮೇಲಿಂದ ನೋಡಿದೆ.

ಅವ್ವ ಅಂಬಲಿ ಕುಡಿದಿದ್ದಳು. ಕುಡಿದ ಮೇಲೆ ನಳದ ಹತ್ತಿರ ಹೋಗಿ, ಬೂದಿ ಹಚ್ಚಿ, ಲೋಟ ತಾನೇ ತಿಕ್ಕಿ ತೊಳೆದಿದ್ದಳು. ತೊಳೆದು, ಒಳಗೆ ತರದೆ, ಹಿತ್ತಲ ಗೋಡೆಯ ಬುಡದಲ್ಲಿ, ಬೇರೆ ಪಾತ್ರೆಗಳಿಂದ ದೂರ, ಬೋರಲು ಹಾಕಿ ಇಟ್ಟಿದ್ದಳು.

ಯಾರೂ ಹೇಳಿರಲಿಲ್ಲ. ಯಾರೂ ಹೇಳಬೇಕಾಗಿರಲಿಲ್ಲ. ಹುಡುಗಿಯಾಗಿದ್ದಾಗ ಹೊಟೇಲಿನ ಹೊರಗೆ, ಗೌಡರ ಹಿತ್ತಲಲ್ಲಿ, ಕೂಲಿಯ ಹೊಲದ ಬದುವಿನಲ್ಲಿ ಅವಳು ಚಹಾ ಕುಡಿದದ್ದೇ ಹಾಗೆ. ಕುಡಿ, ತೊಳಿ, ಹೊರಗೆ ಬೋರಲು ಹಾಕು. ಅವಳ ಬಾಯಿ ಸುಮ್ಮನಿರುವ ಮಾತು ಕೊಟ್ಟಿತ್ತು. ಕೈಗೆ ಆ ಮಾತು ಗೊತ್ತಿರಲಿಲ್ಲ. ಮನೆಯ ಅತಿಥಿಯೊಬ್ಬಳು ಹಾಗೆ ಲೋಟ ಇಡುವುದಿಲ್ಲ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಾಗಲಕ್ಷ್ಮಕ್ಕ ನಿಧಾನವಾಗಿ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. ಆ ಬಾಯಲ್ಲಿ ಅಂಬಲಿಯ ಹುಳಿ ಇನ್ನೂ ಇತ್ತು.

ಅವರು ಕೂಗಾಡಲಿಲ್ಲ. ಪಡಸಾಲೆಯ ತುಂಬ ಜನ ಇದ್ದರು. ಅವರು ಮೆಟ್ಟಿಲು ಇಳಿದರು, ಸೆರಗಿನ ತುದಿಯಿಂದ ಆ ಲೋಟ ಎತ್ತಿದರು, ಅವ್ವನ ಮುಂದೆ ಹಿಡಿದರು.

"ಇದು ನೀವ ಇಟಗೊಳ್ರಿ ಅವ್ವಾರ. ನೆನಪಿಗಿ ಇರ್ಲಿ."

ದನಿ ಬೆಣ್ಣೆಯ ಹಾಗಿತ್ತು. ಚಿಲಕ ಸರಿಸುವಾಗಿನ ಅದೇ ನಾಜೂಕು.

ಅವ್ವ ಲೋಟ ನೋಡಿದಳು. ಎದ್ದು ನಿಂತಳು. ಅವಳಿಗೂ ಈಗ ತಾನು ಮಾಡಿದ್ದು ತಿಳಿಯಿತು. ಮುಖ ಬಾಡಿತು. ನನ್ನ ಕಡೆ ನೋಡಿದ ನೋಟದಲ್ಲಿ ಬರೀ ಅಂಜಿಕೆ. ನನ್ನ ಮನೆ ಹೋಯಿತು ಎಂಬ ಅಂಜಿಕೆ. ಆಮೇಲೆ ಅವಳು ಮೆಲ್ಲಗೆ ಅಂದಳು.

"ನಮ್ಮನ್ಯಾಗ ಲೋಟ ಅದಾವ್ರಿ ಅಕ್ಕಾರ."

"ಇರ್ಲಿ, ಒಯ್ರಿ."

"ಬ್ಯಾಡ್ರಿ."

"ಒಯ್ರಿ ಅಂದ್ನೆಲ್ಲ."

ಅಕ್ಕ ಲೋಟವನ್ನು ಅವಳ ಕೈಯತ್ತ ನೂಕಿದರು. ಅವ್ವನ ಕೈ ಅದನ್ನು ಹಿಡಿಯಲಿಲ್ಲ. ಲೋಟ ಕಲ್ಲಿನ ಮೇಲೆ ಬಿದ್ದು ಉರುಳಿತು.

ಅಷ್ಟು ಹೊತ್ತು ನನ್ನೊಳಗೆ ಇದ್ದ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಇಳಿದು ಲೋಟ ಎತ್ತಿಕೊಂಡೆ. ಇನ್ನೊಂದು ಕೈಯಲ್ಲಿ ಅವ್ವನ ಕೈ ಹಿಡಿದೆ. ಉರಿಯುವ ಅಂಗೈ. ಅದು ಬಿಡಿಸಿಕೊಳ್ಳಲು ನೋಡಿತು, ನಾನು ಬಿಡಲಿಲ್ಲ.

"ಬಾಬೇ ಒಳಗ."

"ಬ್ಯಾಡ ಶ್ವೇತಾ."

"ಚೆನ್ನಯ್ಯನ್ನ ನೋಡಬೇಕ ಅಂದಿಲ್ಲ? ಬಾ."

ಮೆಟ್ಟಿಲು ಹತ್ತಿದೆವು. ನಾಗಲಕ್ಷ್ಮಕ್ಕ ಹಿಂದೆಯೇ ಬಂದರು. ಕಟ್ಟೆಯ ಕೆಳಗೆ ದೊಡ್ಡ ಬುಟ್ಟಿಯಲ್ಲಿ ತೊಳೆದ ಲೋಟಗಳು ರಾಶಿ ಬಿದ್ದಿದ್ದವು. ನಾನು ಕೈಯಲ್ಲಿದ್ದ ಲೋಟವನ್ನು ಅದರೊಳಗೆ ಹಾಕಿದೆ. ಕೈ ಆಡಿಸಿದೆ. ಸ್ಟೀಲಿನ ಮೇಲೆ ಸ್ಟೀಲು ಗಲಗಲ ಎಂದಿತು.

"ಯಾವದದು?" ಅಕ್ಕ ಪಿಸುಗುಟ್ಟಿದರು. "ಯಾವದದು ತಗಿ! ಎಲ್ಲೈತಿ ಅದು?"

"ಹುಡಿಕ್ಕೊಳ್ರಿ. ಎಲ್ಲಾದ್ರ ಮ್ಯಾಲೂ ನಿಮ್ಮ ಹೆಸರ ಐತಿ."

ಅವರು ಬುಟ್ಟಿ ನೋಡಿದರು. ದೊಡ್ಡಗೌಡ್ರ, ದೊಡ್ಡಗೌಡ್ರ, ದೊಡ್ಡಗೌಡ್ರ. ಕೆರೆ ಕಟ್ಟಿಸಿದವರ ಹೆಸರು.

"ಖರೇ ಹೇಳು. ಅಡ್ಡಹೆಸರ ಏನ ನಿಂದು?"

ನಾನು ಡಬರಿಯ ಟವೆಲಿನ ಗಂಟು ಬಿಚ್ಚಿದೆ. ಡಬರಿಯನ್ನು ಗೋಡೆಯಿಂದ ಈ ಕಡೆಗೆ ತಿರುಗಿಸಿದೆ. ಅವರು ಓದಿದರು. ತುಟಿ ಅಲುಗಿದವು.

"ಇದ ಹೆಸರಿಗೆ ಈಗ ಕೈ ಮುಗದ್ರೆಲ್ರಿ," ಎಂದೆ.

"ಅವ್ರ ಬ್ಯಾರೆ."

"ಹೆಂಗ ಬ್ಯಾರೆ?"

"ಅವ್ರು ಶರಣರು. ನೀವು..." ಅವರು ಡಬರಿಯಿಂದ ಕಣ್ಣು ಕಿತ್ತುಕೊಂಡರು. "ಮನಿ ಬಿಡು ನೀ. ತಿಂಗಳಾ ಮುಗಿಯೂದ್ರಾಗ ಬಿಡು. ನನ್ನ ದೇವರಿಗಿ ಸೈತ ಎಡಿ ಹಿಡಸಿದೆಲ್ಲ."

"ಬಿಡ್ತೇನ್ರಿ. ಯಾಕ ಬಿಟ್ಲು ಅಂತ ಚಂಪಕ್ಕ ಕೇಳ್ತಾರ. ನೀವ ಹೇಳ್ರಿ. ಯಾರ ಮಾಡಿದ ಅಂಬ್ಲಿ ಕುಡದ್ವಿ, ಎಷ್ಟ ಚಪ್ಪರಿಸಿದ್ವಿ, ಅದನ್ನೂ ಹೇಳ್ರಿ."

ನಾನು ಅವ್ವನನ್ನು ಕರೆದುಕೊಂಡು ದೇವರ ಕೋಣೆಗೆ ಹೋದೆ. ಹೊಸ್ತಿಲು ದಾಟುವಾಗ ಅವ್ವ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಮಾಡಲಿಲ್ಲ.

ಹತ್ತಿರದಿಂದ ಅವನನ್ನು ನೋಡಿದ್ದು ಅದೇ ಮೊದಲು. ಬಿಳಿಯ ಮೈ. ಮಡಿಯ ಪಂಚೆ. ಹೊದ್ದ ಶಾಲಿಗೆ ಜರಿ. ಹುಲ್ಲಿನ ಹೊರೆ ಇಲ್ಲ, ಉಳಿ ಇಲ್ಲ, ಚರ್ಮದ ವಾಸನೆ ಇಲ್ಲ. ಬಣ್ಣ ಬಳಿದವನು ಅವನನ್ನೂ ಟವೆಲಿನಲ್ಲಿ ಸುತ್ತಿಬಿಟ್ಟಿದ್ದ. ಇವನನ್ನು ಒಳಗೆ ಕರೆಯುವ ಮುಂಚೆ ತಿಕ್ಕಿ ತೊಳೆದಿದ್ದರು. ಆದರೂ ನನ್ನ ಹೊಟ್ಟೆಕಿಚ್ಚು ತಣ್ಣಗಾಗಲಿಲ್ಲ. ತೊಳೆದಾದರೂ ಒಳಗೆ ಇಟ್ಟುಕೊಂಡಿದ್ದರಲ್ಲ.

ಅವ್ವ ಬಹಳ ಹೊತ್ತು ಅವನ ಕೈಗಳನ್ನೇ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು.

"ಕೈ ಎಷ್ಟ ಮೆತ್ತಗದಾವಲೇ ಇವಂದು," ಎಂದಳು. "ಯಾರೋ ಗೌಡನ ಚಿತ್ರ ಬರದಾರ. ನಮ್ಮಾಂವ ಅಲ್ಲ ಇಂವ."

ಅವಳ ದನಿಯಲ್ಲಿ ಭಕ್ತಿ ಇರಲಿಲ್ಲ. ನನ್ನದೇ ದನಿಯಿತ್ತು. ಆ ಉರಿ ನನಗೆ ಎಲ್ಲಿಂದ ಬಂತೆಂದು ಅಂದು ಗೊತ್ತಾಯಿತು.

ನನ್ನ ಕೋಣೆಗೆ ಹೋಗುವ ಬಾಗಿಲು ಪಕ್ಕದಲ್ಲೇ ಇತ್ತು. ನಾನು ದಿನಾ ಆ ಕಡೆಯಿಂದ ಕೇಳುವ ಚಿಲಕ. ಅಷ್ಟು ದಿನ ನನ್ನ ಕಿವಿಯಲ್ಲಿ ಬೆಳೆದು ಬೆಳೆದು ಅದು ಕೋಟೆಯ ಅಗುಳಿಯಷ್ಟಾಗಿತ್ತು. ನೋಡಿದರೆ ಬೆರಳುದ್ದದ ತುಕ್ಕು ಕಬ್ಬಿಣ. ಹಿಡಿದು, ಬಲವೆಲ್ಲ ಹಾಕಿ, ಹಿಂದಕ್ಕೆ ಹೊಡೆದೆ. ಧಡ್ ಎಂದಿತು. ಪಡಸಾಲೆಯ ಮಾತು ನಿಂತಿತು.

"ಏನವಾ ಸಪ್ಪಳ ಅದು?" ಚಂಪಕ್ಕ ಖಾಲಿ ಲೋಟ ಹಿಡಿದು ಅಡುಗೆಮನೆಗೆ ಬಂದರು. "ಏನ ಬಿತ್ತು?"

ನಾನು ತಿರುಗಿ ನೋಡಿದೆ. ದೇವರ ಕೋಣೆಗೂ ಅಡುಗೆಮನೆಗೂ ನಡುವಿನ ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಕಟ್ಟೆಯ ಮೇಲೆ ನನ್ನ ಅವ್ವನ ಡಬರಿ, ಅದರ ಮೇಲೆ ನಮ್ಮ ಹೆಸರು. ಅದರ ಮುಂದೆ ನಾಗಲಕ್ಷ್ಮಕ್ಕ. ಹೇಳಲು ಅವರಿಗೆ ಒಂದೇ ಮಾತು ಸಾಕಿತ್ತು. ನಾನು ಕಾಯುತ್ತಿದ್ದೆ. ಅವರು ಹೇಳಲಿ ಎಂದೇ ಕಾಯುತ್ತಿದ್ದೆ.

ಅವರ ಕಣ್ಣು ಬುಟ್ಟಿಯ ಲೋಟಗಳ ಮೇಲೆ ಹೋಯಿತು. ಚಂಪಕ್ಕನ ತುಟಿಯ ಮೇಲೆ ಹೋಯಿತು. ದೇವರ ಕೋಣೆಯಲ್ಲಿ ನಿಂತ ನಮ್ಮಿಬ್ಬರ ಮೇಲೆ ಬಂತು. ಆ ಮುಖ ನನಗೆ ಗೊತ್ತು. ಬಾಯಿಗೆ ಬಂದ ಹೆಸರನ್ನು ನುಂಗುವ ಮುಖ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಾನು ಅದನ್ನೇ ಹಾಕಿಕೊಳ್ಳುತ್ತಿದ್ದೆ.

"ಏನಿಲ್ಲವಾ," ಎಂದರು ನಾಗಲಕ್ಷ್ಮಕ್ಕ. "ಗಾಳಿಗಿ ಬಾಗಲಾ ಬಡೀತು."

"ಇನ್ನೊಂದ ಲೋಟ ಅಂಬ್ಲಿ ಹಾಕು. ಎಷ್ಟ ಚೊಲೋ ಆಗೈತಿ."

ಅವರು ಲೋಟ ಈಸಿಕೊಂಡರು. ಬಗ್ಗಿಸುವ ಮೊದಲು ಎರಡೂ ಕೈಯಿಂದ ಡಬರಿಯನ್ನು ಹಿಡಿದು, ಹೆಸರಿನ ಬದಿಯನ್ನು ಮೆಲ್ಲಗೆ ಗೋಡೆಗೆ ತಿರುಗಿಸಿದರು.